ಹಲ್ಲು ಕಿತ್ತರೂ ಕಚ್ಚಿದ ಕಡಲೆಕಾಯಿ: ಒಂದು ಪ್ರಕರಣ ಅಧ್ಯಯನ

1992ರಲ್ಲಿ ಅಮೆರಿಕದ ಅಲರ್ಜಿ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ವರದಿ ಬಂತು. ಡೆನ್ವರ್ ನಗರದಲ್ಲಿ ಕಡಲೆಕಾಯಿ ಅಲರ್ಜಿ ಇದ್ದವರಿಗೆ ಕಡಲೆಕಾಯಿಯ ಸಾರವನ್ನೇ ಇಂಜೆಕ್ಷನ್ ಕೊಟ್ಟು, ಡೋಸನ್ನು ಬೇಗ ಬೇಗ ಏರಿಸುತ್ತಾ ದೇಹಕ್ಕೆ ಒಗ್ಗಿಸುವ ಪ್ರಯತ್ನದ ವರದಿ ಅದು. ಚಿಕಿತ್ಸೆಗೆ ಮೊದಲೂ ಆಮೇಲೂ ಕಡಲೆಕಾಯಿ ತಿನ್ನಿಸಿ ಪರೀಕ್ಷಿಸಿದ ಮೂವರಲ್ಲಿ ತೊಂದರೆ ಶೇ. 67ರಿಂದ 100ರಷ್ಟು ತಗ್ಗಿತ್ತು. ಅಲ್ಲಿಯವರೆಗೆ ಯಾರ ಕೈಯಲ್ಲೂ ಆಗದ ಕೆಲಸ. ಆದರೆ ಪ್ರಯೋಗ ಅರ್ಧಕ್ಕೇ ನಿಂತುಹೋಯಿತು. ಔಷಧ ಸಿದ್ಧಪಡಿಸುವ ಹಂತದಲ್ಲಿ ಆದ ಒಂದು ತಪ್ಪಿನಿಂದ, ಪ್ಲಸೀಬೊ, ಅಂದರೆ ಹುಸಿ ಮದ್ದಿನ, ಗುಂಪಿನಲ್ಲಿದ್ದ ಒಬ್ಬರಿಗೆ ಕಡಲೆಕಾಯಿ ಸಾರ ಹೋಯಿತು. ಅವರು ಉಳಿಯಲಿಲ್ಲ.

ಆಸ್ಪತ್ರೆಯ ಔಷಧ ವಿಭಾಗದಲ್ಲಿ ವರ್ಷಗಟ್ಟಲೆ ಸೀಸೆಗಳಿಗೆ ಲೇಬಲ್ ಅಂಟಿಸಿದವನು ನಾನು. ಈ ವರದಿ ಮೊದಲ ಸಲ ಓದಿದ ದಿನ ಆ ಒಂದು ಸಾಲನ್ನು ದಾಟಿ ಮುಂದೆ ಹೋಗಲು ಬಹಳ ಹೊತ್ತು ನನ್ನಿಂದಾಗಲಿಲ್ಲ. ಇಂಥ ಪ್ರಯೋಗಗಳಲ್ಲಿ ಅಸಲಿ ಮದ್ದು ಯಾವುದು, ಹುಸಿ ಮದ್ದು ಯಾವುದು ಎಂದು ರೋಗಿಗೆ ಗೊತ್ತಾಗಬಾರದು, ಚುಚ್ಚುವ ನರ್ಸಿಗೆ ಗೊತ್ತಾಗಬಾರದು, ಪಕ್ಕದಲ್ಲಿ ನಿಂತ ಡಾಕ್ಟರಿಗೂ ಗೊತ್ತಾಗಬಾರದು. ಎರಡೂ ಸೀಸೆಗಳು ಒಂದೇ ಥರ ಕಾಣುವಂತೆ ಬೇಕೆಂದೇ ಮಾಡಿರುತ್ತಾರೆ. ಬೇರೆ ವಾರ್ಡಿನಲ್ಲಾದರೆ ‘ಇದು ಯಾಕೋ ಬೇರೆ ಥರ ಇದೆಯಲ್ಲ’ ಎಂದು ತಡೆಯುವ ಕಣ್ಣುಗಳೆಲ್ಲ ಇಲ್ಲಿ ಕಟ್ಟಿರುತ್ತವೆ. ಔಷಧ ವಿಭಾಗದ ಮೇಜಿನ ಮೇಲೆ ಆದ ತಪ್ಪು ನೇರವಾಗಿ ರೋಗಿಯ ತೋಳಿಗೇ ಹೋಗಿ ಮುಟ್ಟುತ್ತದೆ. ಅಸಲಿ ಮದ್ದು ಪಡೆಯುತ್ತಿದ್ದವರ ದೇಹವಾದರೂ ಸಣ್ಣ ಡೋಸುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಹದಗೊಂಡಿತ್ತು. ಪ್ಲಸೀಬೊ ಪಡೆದವರಿಗೆ ಆ ಆಸರೆಯೂ ಇರಲಿಲ್ಲ.

ಹಾಗಾಗಿ ಈ ಪ್ರಕರಣವನ್ನು ಯಶಸ್ಸಿನ ಅಂಕಿಯಿಂದ ಶುರುಮಾಡಲು ನನಗೆ ಮನಸ್ಸಾಗುವುದಿಲ್ಲ. ಎಲ್ಲರೂ ಸರಿಯಾಗಿ ಕೆಲಸ ಮಾಡಿದಾಗ ತೊಂದರೆ ಕೊಡದ ಮದ್ದು ಒಂದು ಬಗೆ. ಯಾರದೋ ಕೈ ತಪ್ಪಿದಾಗಲೂ ಪ್ರಾಣ ತೆಗೆಯದ ಮದ್ದು ಇನ್ನೊಂದು ಬಗೆ. ಕಡಲೆಕಾಯಿಯ ವಿಷಯದಲ್ಲಿ ಆಮೇಲಿನ ಮೂವತ್ತು ವರ್ಷ ನಡೆದ ಹುಡುಕಾಟವನ್ನೆಲ್ಲ ನಾನು ನೋಡುವುದು ಈ ಎರಡನೆಯ ಅಳತೆಗೋಲಿನಿಂದ.

ತಪ್ಪು ಒಂದೇ ಅಲ್ಲ, ಮದ್ದೂ ಕಾರಣ

ಔಷಧ ವಿಭಾಗದ ತಪ್ಪು ಅಕಸ್ಮಾತ್ ಆದದ್ದು, ಅದನ್ನು ಬಿಟ್ಟು ನೋಡಿದರೆ ಚಿಕಿತ್ಸೆ ಚೆನ್ನಾಗಿಯೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರ 1997ರಲ್ಲಿ ಸಿಕ್ಕಿತು, ಅದೂ ಡೆನ್ವರ್‌ನಿಂದಲೇ. ಈ ಸಲ 12 ಮಂದಿ. ಆರು ಜನರಿಗೆ ಕಡಲೆಕಾಯಿ ಸಾರದ ಇಂಜೆಕ್ಷನ್, ಇನ್ನು ಆರು ಜನರಿಗೆ ಏನೂ ಇಲ್ಲ. ಮೊದಲು ವೇಗವಾಗಿ ಡೋಸ್ ಏರಿಸಿ, ಆಮೇಲೆ ಒಂದು ವರ್ಷ ಅದೇ ಮಟ್ಟದಲ್ಲಿ ಮುಂದುವರಿಸುವ ಯೋಜನೆ. ಇಂಜೆಕ್ಷನ್ ಪಡೆದ ಆರೂ ಜನ ಮೊದಲಿಗಿಂತ ಹೆಚ್ಚು ಕಡಲೆಕಾಯಿ ತಾಳಿಕೊಂಡರು. ಆದರೆ ಮೈತುಂಬ ದದ್ದು, ಉಬ್ಬಸದಂಥ ಇಡೀ ದೇಹದ ಪ್ರತಿಕ್ರಿಯೆಗಳು ಡೋಸ್ ಏರಿಸುವಾಗಲೂ ಬಂದವು, ವರ್ಷವಿಡೀ ಬರುತ್ತಲೇ ಇದ್ದವು. ಪೂರ್ಣ ಡೋಸ್ ತಡೆದುಕೊಂಡವರು ಮೂವರೇ. ಉಳಿದ ಮೂವರಿಗೆ ಡೋಸ್ ಇಳಿಸಬೇಕಾಯಿತು, ಇಳಿಸಿದ್ದೇ ತಡ ಗಳಿಸಿದ್ದ ತಾಳಿಕೆಯೂ ಸ್ವಲ್ಪವೋ ಪೂರ್ತಿಯೋ ಕರಗಿಹೋಯಿತು. ಈ ಚಿಕಿತ್ಸೆ ಆಸ್ಪತ್ರೆಗಳಲ್ಲಿ ಬಳಕೆಗೆ ಬರಬೇಕಾದರೆ ಮಾರ್ಪಡಿಸಿದ ಕಡಲೆಕಾಯಿ ಸಾರವೇ ಬೇಕು ಎಂದು ಆ ವೈದ್ಯರು ಬರೆದು ಮುಗಿಸಿದರು.

ಯಾರ ಕೈಯೂ ತಪ್ಪದೇ ಇದ್ದಾಗಲೂ ಮದ್ದು ಕಚ್ಚುತ್ತಿತ್ತು ಎಂದಾಯಿತು.

ಹಲ್ಲು ಕೀಳುವ ವಿದ್ಯೆ

ಅಲರ್ಜಿ ತರುವ ವಸ್ತುವನ್ನೇ ಚುಚ್ಚಿ ಅಲರ್ಜಿ ಇಳಿಸುವ ವಿದ್ಯೆ ಹೊಸದಲ್ಲ. 1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಲಿಯೊನಾರ್ಡ್ ನೂನ್ ಹುಲ್ಲಿನ ಪರಾಗದ ಸಾರವನ್ನು ಚುಚ್ಚಿ ನೆಗಡಿ, ಸೀನು ತಗ್ಗಿಸಿದ ಬಗ್ಗೆ ಬರೆದಿದ್ದರು. ವಿಷದ ಹಲ್ಲು ಕಿತ್ತು ಬಳಸುವ ವಿದ್ಯೆ ಇನ್ನೊಂದು ದಾರಿಯಿಂದ ಬಂದದ್ದು. 1920ರ ದಶಕದಲ್ಲಿ ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಗ್ಯಾಸ್ಟನ್ ರಾಮೊನ್, ಗಂಟಲಮಾರಿ (ಡಿಪ್ತೀರಿಯಾ) ರೋಗಾಣುವಿನ ವಿಷಕ್ಕೆ ಫಾರ್ಮಾಲಿನ್ ಬೆರೆಸಿ ಶಾಖದಲ್ಲಿಟ್ಟರೆ ವಿಷತನ ಹೋಗಿ ಲಸಿಕೆಯ ಗುಣ ಉಳಿಯುತ್ತದೆ ಎಂದು ತೋರಿಸಿದರು. ಮಕ್ಕಳಿಗೆ ಇಂದಿಗೂ ಹಾಕಿಸುವ ಡಿಪ್ತೀರಿಯಾ, ಟೆಟನಸ್ ಚುಚ್ಚುಮದ್ದಿನಲ್ಲಿ ಇರುವುದು ಹೀಗೆ ಹಲ್ಲು ಕಿತ್ತ ವಿಷವೇ, ಅದರ ಹೆಸರು ಟಾಕ್ಸಾಯ್ಡ್. 1970ರಲ್ಲಿ ಡೇವಿಡ್ ಮಾರ್ಷ್, ಲಾರೆನ್ಸ್ ಲಿಕ್ಟೆನ್‌ಸ್ಟೈನ್, ಡ್ಯಾನ್ ಕ್ಯಾಂಬೆಲ್ ಈ ಎರಡು ದಾರಿಗಳನ್ನು ಕೂಡಿಸಿದರು. ರೈ ಹುಲ್ಲಿನ ಪರಾಗದ ಮುಖ್ಯ ಪ್ರೋಟೀನಿಗೆ ಫಾರ್ಮಾಲಿನ್ ಹಾಕಿ, ಬಂದದ್ದಕ್ಕೆ ಟಾಕ್ಸಾಯ್ಡ್ ಎಂಬ ಹೆಸರಿನ ಧಾಟಿಯಲ್ಲೇ ಅಲರ್ಜಾಯ್ಡ್ ಎಂದು ಹೆಸರಿಟ್ಟರು.

ಇದರ ಒಳಗುಟ್ಟು ಹೀಗೆ. ಅಲರ್ಜಿ ಇರುವವರ ಚರ್ಮ, ಮೂಗು, ಕರುಳಿನಲ್ಲಿ ಮಾಸ್ಟ್ ಕೋಶಗಳಿರುತ್ತವೆ. ಅವುಗಳ ಮೈಮೇಲೆ ಐಜಿಇ ಎಂಬ ಪ್ರತಿಕಾಯಗಳು ಮುಳ್ಳಿನ ಹಾಗೆ ನಿಂತಿರುತ್ತವೆ. ಒಂದೇ ಪ್ರೋಟೀನ್ ಕಣ ಅಂಥ ಎರಡು ಮುಳ್ಳುಗಳಿಗೆ ಒಟ್ಟಿಗೆ ಸಿಕ್ಕಿಕೊಂಡಾಗ ಕೋಶ ತನ್ನೊಳಗಿನ ಹಿಸ್ಟಮಿನ್ ಚೆಲ್ಲುತ್ತದೆ. ಆಮೇಲೆ ಆಗುವುದು ನಮಗೆ ಗೊತ್ತೇ ಇದೆ: ತುರಿಕೆ, ಊತ, ಉಬ್ಬಸ, ಕೈಮೀರಿದರೆ ರಕ್ತದೊತ್ತಡ ಕುಸಿತ. ಐಜಿಇ ಬಹಳ ಮಟ್ಟಿಗೆ ಗುರುತು ಹಿಡಿಯುವುದು ಪ್ರೋಟೀನಿನ ಹೊರ ಆಕಾರವನ್ನು. ಆದರೆ ದೇಹಕ್ಕೆ ತಾಳಿಕೆ ಕಲಿಸುವ ಟಿ ಕೋಶ ಪ್ರೋಟೀನನ್ನು ಇಡಿಯಾಗಿ ನೋಡುವುದೇ ಇಲ್ಲ. ಬೇರೆ ಕೋಶ ಅದನ್ನು ನುಂಗಿ, ತುಂಡು ಮಾಡಿ, ಒಂದೊಂದೇ ತುಣುಕನ್ನು ಎತ್ತಿ ಹಿಡಿದಾಗ ಇದು ಓದಿಕೊಳ್ಳುತ್ತದೆ. ಚಕ್ಕುಲಿ ಮುರಿದರೆ ಸುರುಳಿ ಹೋಗುತ್ತದೆ, ರುಚಿ ಹೋಗುವುದಿಲ್ಲ. ಆಕಾರ ನೋಡುವವನಿಗೆ ಅದು ಚಕ್ಕುಲಿಯೇ ಅಲ್ಲ, ಬಾಯಿಗೆ ಹಾಕಿಕೊಂಡವನಿಗೆ ಚಕ್ಕುಲಿಯೇ.

ಪರಾಗದ ಅಲರ್ಜಾಯ್ಡ್‌ಗಳು ಯುರೋಪಿನಲ್ಲಿ, ಅದರಲ್ಲೂ ಜರ್ಮನಿಯಲ್ಲಿ, ದಶಕಗಳಿಂದ ಬಳಕೆಯಲ್ಲಿವೆ. ಅಮೆರಿಕದಲ್ಲಿ ಒಂದಕ್ಕೂ ಪರವಾನಗಿ ಸಿಕ್ಕಿಲ್ಲ. ಮಾಮೂಲಿ ಅಲರ್ಜಿ ಸಾರದ ಕಸುವನ್ನು ಅಳೆಯುವುದು ಚರ್ಮದ ಮೇಲೆ ಅದು ಎಬ್ಬಿಸುವ ದದ್ದಿನಿಂದ. ದದ್ದು ಏಳಬಾರದೆಂದೇ ಮಾಡಿದ ಮದ್ದಿನ ಕಸುವನ್ನು ಹೇಗೆ ಅಳೆಯುವುದು? ಒಂದೊಂದು ಕಂಪನಿಗೆ ಒಂದೊಂದು ಅಳತೆ, ಒಂದನ್ನು ಇನ್ನೊಂದಕ್ಕೆ ಹೋಲಿಸಲು ಆಗುವುದಿಲ್ಲ. ಔಷಧದವನಾಗಿ ಈ ತಕರಾರು ಸಣ್ಣದೆಂದು ನಾನು ಹೇಳಲಾರೆ.

ಜೀನಿನ ದಾರಿ, ಅದು ಎಡವಿದ ಬಗೆ

ಕಡಲೆಕಾಯಿಗೆ ಮೊದಲು ಪ್ರಯತ್ನಿಸಿದ್ದು ರಸಾಯನದ ದಾರಿಯನ್ನಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಜೀನ್ ತಿದ್ದುವ ವಿದ್ಯೆ ಕೈಗೆ ಬಂದಿತ್ತು. ಫಾರ್ಮಾಲಿನ್ ಸುರಿದು ಎಲ್ಲೆಂದರಲ್ಲಿ ಕೆಡಿಸುವುದಕ್ಕಿಂತ ಐಜಿಇ ಕಚ್ಚಿಕೊಳ್ಳುವ ಜಾಗಗಳನ್ನು ಹುಡುಕಿ ಅಲ್ಲಿಗಷ್ಟೇ ಕೈಹಾಕುವುದು ಜಾಣತನವೆನಿಸಿತು. ವೆಸ್ಲಿ ಬರ್ಕ್ಸ್, ಹ್ಯೂ ಸ್ಯಾಂಪ್ಸನ್ ಮುಂತಾದವರ ತಂಡಗಳು ಅರಾ ಎಚ್ 1, ಅರಾ ಎಚ್ 2, ಅರಾ ಎಚ್ 3 ಎಂಬ ಮೂರು ಮುಖ್ಯ ಪ್ರೋಟೀನುಗಳನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಅಲರ್ಜಿ ಇರುವವರ ರಕ್ತದ ಐಜಿಇ ಯಾವ ಯಾವ ತುಂಡಿಗೆ ಅಂಟುತ್ತದೆ ಎಂದು ನಕ್ಷೆ ಮಾಡಿದವು. ಅಂಟುವ ಜಾಗದಲ್ಲಿ ಒಂದೊಂದು ಅಮೈನೊ ಆಮ್ಲ ಬದಲಿಸಿದರು. ಬದಲಿಸಿದ ಪ್ರೋಟೀನುಗಳನ್ನು ಇ. ಕೋಲಿ ಬ್ಯಾಕ್ಟೀರಿಯಾದ ಒಳಗೆ ಬೆಳೆಸಿ, ಆ ಬ್ಯಾಕ್ಟೀರಿಯಾವನ್ನು ಕೊಂದು, ಅದರ ಕವಚದೊಳಗೇ ಪ್ರೋಟೀನು ಉಳಿಯುವಂತೆ ಮಾಡಿದರು. ಗುದದ್ವಾರದ ಮೂಲಕ ಕೊಡುವ ಮದ್ದು ಅದು. ಇಲಿಗಳಲ್ಲಿ ಚಿಕಿತ್ಸೆ ಮುಗಿದು 10 ವಾರ ಕಳೆದರೂ ರಕ್ಷಣೆ ನಿಂತಿತ್ತು.

ಮನುಷ್ಯರಲ್ಲಿ ನಡೆದ ಪ್ರಯೋಗದ ಫಲ 2013ರಲ್ಲಿ ಪ್ರಕಟವಾಯಿತು. ಮದ್ದಿನ ಹೆಸರು ಇಎಂಪಿ-123. ಮೊದಲು ಅಲರ್ಜಿ ಇಲ್ಲದ ಐವರಿಗೆ ಕೊಟ್ಟರು, ಏನೂ ಆಗಲಿಲ್ಲ. ಆಮೇಲೆ ಅಲರ್ಜಿ ಇರುವ 10 ವಯಸ್ಕರಿಗೆ ವಾರಕ್ಕೊಂದು ಡೋಸ್, 10 ಮೈಕ್ರೊಗ್ರಾಂನಿಂದ ಶುರುಮಾಡಿ 10 ವಾರಗಳಲ್ಲಿ 3,063 ಮೈಕ್ರೊಗ್ರಾಂವರೆಗೆ. ನಾಲ್ವರಿಗೆ ಯಾವ ತೊಂದರೆಯೂ ಇಲ್ಲ, ಒಬ್ಬರಿಗೆ ಗುದದ ಬಳಿ ಸ್ವಲ್ಪ ಕಿರಿಕಿರಿ. ಉಳಿದ ಐವರಿಗೆ ಡೋಸುಗಳನ್ನು ಪೂರೈಸಲು ಆಗಲಿಲ್ಲ. ಅವರಲ್ಲಿ ಇಬ್ಬರಿಗೆ ಅನಫಿಲಾಕ್ಸಿಸ್, ಅಂದರೆ ಪ್ರಾಣಕ್ಕೇ ಕುತ್ತಾಗಬಲ್ಲ, ಇಡೀ ದೇಹದ ಅಲರ್ಜಿ.

ಇಡೀ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ವರದಿಯ ಇನ್ನೊಂದು ಅಂಕಿ. ಚಿಕಿತ್ಸೆಗೆ ಮುಂಚೆ ಕಡಲೆಕಾಯಿ ವಿರುದ್ಧದ ಐಜಿಇ ಎಷ್ಟಿತ್ತು ಎಂದು ನೋಡಿದರೆ, ತೊಂದರೆ ಆಗದವರ ನಡುಮಟ್ಟ 17.2 ಯೂನಿಟ್, ತೊಂದರೆ ಆದವರದು 82.4. ಹಲ್ಲು ಕಿತ್ತದ್ದು ನಿಜ, ಆದರೆ ಎಲ್ಲರ ಪಾಲಿಗೂ ಅಲ್ಲ. ಐಜಿಇ ಅಂಟುವ ಜಾಗಗಳ ನಕ್ಷೆ ತಯಾರಾದದ್ದು ಒಂದಷ್ಟು ರೋಗಿಗಳ ರಕ್ತದಿಂದ, ಅದೂ ಸರಪಳಿಯಂತೆ ಬಿಚ್ಚಿಟ್ಟ ತುಂಡುಗಳ ಮೇಲೆ. ಮಡಚಿಕೊಂಡ ಇಡೀ ಪ್ರೋಟೀನಿನಲ್ಲಿ ದೂರದ ಎರಡು ತುದಿಗಳು ಪಕ್ಕಪಕ್ಕ ಬಂದು ಕೂಡುವ ಜಾಗಗಳು ಆ ನಕ್ಷೆಯಲ್ಲಿ ಬೀಳುವುದಿಲ್ಲ. ಐಜಿಇ ತುಂಬಾ ಇರುವವರಲ್ಲಿ ಬಗೆಬಗೆಯ ಐಜಿಇಗಳಿರುತ್ತವೆ. ನಕ್ಷೆಯಲ್ಲಿಲ್ಲದ ಜಾಗಕ್ಕೆ ಅಂಟುವವು ಅವುಗಳಲ್ಲಿ ಎರಡಿದ್ದರೆ ಸಾಕು. ಹೀಗಾಗಿ ಮದ್ದು ಕಚ್ಚಿದ್ದು ಯಾರಿಗೆ ಅದು ಎಲ್ಲರಿಗಿಂತ ಹೆಚ್ಚು ಬೇಕಾಗಿತ್ತೋ ಅವರನ್ನೇ. ಡೆನ್ವರ್‌ನ ಆ ಸೀಸೆಯಲ್ಲಿ ಮಾಮೂಲಿ ಸಾರದ ಬದಲು ಇದು ಇದ್ದಿದ್ದರೆ ಆ ಜೀವ ಉಳಿಯುತ್ತಿತ್ತೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಉಳಿಯುತ್ತಿತ್ತು ಎಂದು ಎದೆತಟ್ಟಿ ಹೇಳುವ ಧೈರ್ಯ ಬರಲಿಲ್ಲ.

ಒರಟು ಕೈಯ ಕೆಲಸ

ಜಾಣತನದ ದಾರಿ ಎಡವಿದ ಮೇಲೆ ಒರಟು ದಾರಿಯ ಬೆಲೆ ತಿಳಿಯಿತು. ರಸಾಯನದಿಂದ ಮಾರ್ಪಡಿಸುವಾಗ ಐಜಿಇ ಎಲ್ಲಿ ಕಚ್ಚುತ್ತದೆ ಎಂಬ ನಕ್ಷೆಯೇ ಬೇಕಿಲ್ಲ. ಕೈಗೆ ಸಿಕ್ಕ ಕಡೆಯೆಲ್ಲ ಆಕಾರ ಕೆಡಿಸಿದರೆ ಗೊತ್ತಿರುವ ಜಾಗವೂ ಕೆಡುತ್ತದೆ, ಗೊತ್ತಿಲ್ಲದ್ದೂ ಕೆಡುತ್ತದೆ. ನೆದರ್‌ಲೆಂಡ್ಸಿನ ಲೈಡನ್ ನಗರದ ಎಚ್‌ಎಎಲ್ ಅಲರ್ಜಿ ಕಂಪನಿ ಹಿಡಿದದ್ದು ಈ ದಾರಿಯನ್ನು.

ಆದರೆ ಕಡಲೆಕಾಯಿ ಪರಾಗದಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪರಾಗಕ್ಕೆ ಸಾಮಾನ್ಯವಾಗಿ ಬಳಸುವುದು ಗ್ಲುಟರಾಲ್ಡಿಹೈಡ್. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಅದರ ಪರಿಚಯ ಮೂಗಿನಿಂದಲೇ ಇರುತ್ತದೆ. ಎಂಡೋಸ್ಕೋಪಿ ಕೊಳವೆಗಳನ್ನು ಮುಳುಗಿಸಿಡುವ ತೊಟ್ಟಿಯ ಮುಚ್ಚಳ ತೆಗೆದರೆ ಕಣ್ಣುರಿಸುವ ಘಾಟು ಬರುತ್ತದಲ್ಲ, ಅದೇ. ಚರ್ಮ ಹದ ಮಾಡುವವರೂ ಇದನ್ನು ಬಳಸುತ್ತಾರೆ. ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲದ ತುದಿಗಳನ್ನು ಹಿಡಿದು ಒಂದಕ್ಕೊಂದು ಕಟ್ಟಿ, ಚಿಕ್ಕ ಚಿಕ್ಕ ಕಣಗಳನ್ನು ದೊಡ್ಡ ಗಂಟಾಗಿಸುವುದು ಇದರ ಕೆಲಸ. ಗಂಟಿನ ಒಳಗೆ ಸಿಕ್ಕಿಬಿದ್ದ ಭಾಗಗಳು ಐಜಿಇ ಕೈಗೆ ಸಿಗುವುದಿಲ್ಲ. ಕಡಲೆಕಾಯಿ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಇದು ಆಹಾರ ಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಹಿಡಿಯಲು ತುದಿಗಳೇ ಕಡಿಮೆ ಎಂದಮೇಲೆ ಗಂಟು ಬಿಗಿಯಾಗುವುದು ಕಷ್ಟ.

ಅದಕ್ಕಿಂತ ದೊಡ್ಡ ತೊಡಕು ಅರಾ ಎಚ್ 2, ಅರಾ ಎಚ್ 6 ಎಂಬ ಎರಡು ಪುಟ್ಟ ಪ್ರೋಟೀನುಗಳದ್ದು. ಜೋರು ಅಲರ್ಜಿ ತರುವುದರಲ್ಲಿ ಮುಂದಿರುವ ಇವು ಹುರಿದರೂ ಜಗ್ಗುವುದಿಲ್ಲ, ಹೊಟ್ಟೆಯ ಆಮ್ಲಕ್ಕೂ ಸುಲಭವಾಗಿ ಕರಗುವುದಿಲ್ಲ. ಗಂಧಕದ ಎರಡು ಪರಮಾಣುಗಳು ಕೈಕೈ ಹಿಡಿದ ಕೊಂಡಿಗಳು ಇವುಗಳನ್ನು ಒಳಗಿನಿಂದ ಬಿಗಿದಿರುತ್ತವೆ. ಅರಾ ಎಚ್ 2ರಲ್ಲಿ ಅಂಥವು ನಾಲ್ಕು, ಅರಾ ಎಚ್ 6ರಲ್ಲಿ ಐದು. ಬ್ಯೂಟಿ ಪಾರ್ಲರಿನಲ್ಲಿ ಗುಂಗುರು ಕೂದಲು ನೇರ ಮಾಡಿಸುವವರು ತಮಗೆ ತಿಳಿಯದೆಯೇ ಇದೇ ಕೊಂಡಿಯ ಕೆಲಸ ಮಾಡಿಸಿಕೊಂಡಿರುತ್ತಾರೆ. ಮೊದಲು ಹಚ್ಚುವ ಕ್ರೀಮು ಕೂದಲಿನ ಗಂಧಕದ ಕೊಂಡಿಗಳನ್ನು ಬಿಡಿಸುತ್ತದೆ, ಕೂದಲನ್ನು ನೇರ ಎಳೆದ ಮೇಲೆ ಹಚ್ಚುವ ಎರಡನೆಯದು ಹೊಸ ಜಾಗದಲ್ಲಿ ಅವನ್ನು ಮತ್ತೆ ಕೂಡಿಸುತ್ತದೆ. ಲೈಡನ್ನಿನವರು ಮೊದಲರ್ಧವನ್ನು ಮಾಡಿ ಎರಡನೆಯರ್ಧವನ್ನು ತಡೆದರು. ಕೊಂಡಿ ಬಿಡಿಸಿ, ಬಿಡಿಯಾದ ಗಂಧಕದ ತುದಿಗಳಿಗೆ ಆಲ್ಕೈಲ್ ಗುಂಪಿನ ಟೋಪಿ ತೊಡಿಸಿದರು. ಇನ್ನೆಂದೂ ಅವು ಕೂಡುವಂತಿಲ್ಲ. ಹೀಗೆ ಸಡಿಲವಾದ ಪ್ರೋಟೀನಿಗೆ ಗ್ಲುಟರಾಲ್ಡಿಹೈಡ್ ಹಾಕಿ, ಕೊನೆಗೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮೇಲೆ ಕೂರಿಸಿದರು. ಚುಚ್ಚಿದ ಜಾಗದಿಂದ ಮದ್ದು ಒಮ್ಮೆಲೇ ರಕ್ತಕ್ಕೆ ನುಗ್ಗದೆ ನಿಧಾನವಾಗಿ ಬಿಡುಗಡೆಯಾಗಲಿ ಎಂದು.

2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ಮಾರ್ಪಡಿಸಿದ ಸಾರ ಅಲರ್ಜಿ ಇರುವವರ ರಕ್ತದಲ್ಲಿ ಮಾಸ್ಟ್ ಕೋಶಗಳ ಹಾಗೇ ಹಿಸ್ಟಮಿನ್ ಚೆಲ್ಲುವ ಬೇಸೋಫಿಲ್ ಕೋಶಗಳನ್ನು ಕೆರಳಿಸುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿತ್ತು, ಟಿ ಕೋಶಗಳನ್ನು ಎಚ್ಚರಿಸುವ ಗುಣ ಮಾತ್ರ ಉಳಿದಿತ್ತು. ಅದಕ್ಕೂ ಮೊದಲೇ, 2017ರಲ್ಲಿ, ಕಡಲೆಕಾಯಿ ಅಲರ್ಜಿ ಇರುವವರಿಗೆ ಇದನ್ನು ಚುಚ್ಚಿದ ಮೊದಲ ಪ್ರಯೋಗದ ಸಾರಾಂಶ ಬಂದಿತ್ತು. ಒಟ್ಟಾರೆ ಸುರಕ್ಷಿತ, ದೇಹ ತಾಳಿಕೊಂಡಿದೆ, ರೋಗನಿರೋಧಕ ವ್ಯವಸ್ಥೆಯಲ್ಲಿ ಬದಲಾವಣೆಗಳೂ ಕಂಡಿವೆ ಎಂಬುದು ಅದರ ತಿರುಳು. ಡೆನ್ವರ್‌ನಿಂದ ಲೆಕ್ಕ ಹಾಕಿದರೆ ಇದು ಸಣ್ಣ ದೂರವಲ್ಲ. ಆದರೂ ಆ ಮದ್ದು ಔಷಧದ ಅಂಗಡಿಯವರೆಗೆ ಬಂದಿಲ್ಲ. ಕೊಂಡಿ ಬಿಡಿಸಿದ್ದೇವೆ, ಟೋಪಿ ತೊಡಿಸಿದ್ದೇವೆ, ಗಂಟು ಹಾಕಿದ್ದೇವೆ ಎಂದರೆ ಸಾಲದು. ಪ್ರತಿ ಬ್ಯಾಚಿನಲ್ಲೂ ಅಷ್ಟೇ ಬಿಟ್ಟಿದೆ, ಅಷ್ಟೇ ಗಂಟಾಗಿದೆ ಎಂದು ತೋರಿಸಬೇಕು. ಒರಟು ಕೈಯ ಕೆಲಸಕ್ಕೆ ತೆರಬೇಕಾದ ಬೆಲೆ ಅದು.

ಕೊನೆಗೆ ಗೆದ್ದದ್ದು ಬರಿಯ ಹಿಟ್ಟು

ಅಂಗಡಿಗೆ ಬಂದ ಮದ್ದು ಯಾವುದು ಎಂದರೆ ಏನೂ ಮಾರ್ಪಡಿಸದ ಕಡಲೆಕಾಯಿ ಹಿಟ್ಟು. ಕಟ್ಟುನಿಟ್ಟಾಗಿ ತೂಗಿ ಕ್ಯಾಪ್ಸೂಲಿಗೆ ತುಂಬಿದ ಈ ಹಿಟ್ಟಿಗೆ, ಪಾಲ್‌ಫೋರ್ಜಿಯಾ ಎಂಬ ಹೆಸರಿನಲ್ಲಿ, ಅಮೆರಿಕದ ಔಷಧ ಆಡಳಿತ 2020ರ ಜನವರಿಯಲ್ಲಿ ಅನುಮತಿ ಕೊಟ್ಟಿತು. ಚುಚ್ಚುವ ಬದಲು ತಿನ್ನಿಸುವುದು. 4ರಿಂದ 17 ವರ್ಷದವರಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಟ್ಟು ತಿಂದವರಲ್ಲಿ ಶೇ. 67.2ರಷ್ಟು ಮಂದಿ ಕೊನೆಗೆ 600 ಮಿಲಿಗ್ರಾಂ ಕಡಲೆಕಾಯಿ ಪ್ರೋಟೀನನ್ನು ಒಂದೇ ಸಲಕ್ಕೆ ತಾಳಿಕೊಂಡರು. ಪ್ಲಸೀಬೊ ಗುಂಪಿನಲ್ಲಿ ಶೇ. 4. ಆದರೆ ಚಿಕಿತ್ಸೆಯ ಅವಧಿಯಲ್ಲಿ ಜೋರು ಅಲರ್ಜಿಗೆ ಕೊಡುವ ತುರ್ತು ಮದ್ದಾದ ಆಡ್ರಿನಲಿನ್ ಚುಚ್ಚಬೇಕಾಗಿ ಬಂದದ್ದು ಹಿಟ್ಟಿನ ಗುಂಪಿನ ಶೇ. 14 ಮಂದಿಗೆ, ಪ್ಲಸೀಬೊ ಗುಂಪಿನ ಶೇ. 6.5 ಮಂದಿಗೆ. ದಾರಿ ಬದಲಾಯಿತು, ಹಲ್ಲು ಹಾಗೇ ಉಳಿಯಿತು. ಇದನ್ನು ನೋಡಿ, ಮನೆಯಲ್ಲೇ ಕಡಲೆಕಾಯಿ ಪುಡಿ ಮಾಡಿ ಚಿಟಿಕೆ ಚಿಟಿಕೆ ತಿನ್ನಿಸೋಣ ಎಂದು ಯಾವ ತಂದೆತಾಯಿಯೂ ಹೊರಡಬಾರದು. ಆ ಶೇ. 14 ಮಂದಿಯ ಪಕ್ಕದಲ್ಲಿ ಆಡ್ರಿನಲಿನ್ ಇತ್ತು, ಅದನ್ನು ಚುಚ್ಚಲು ಬಲ್ಲವರೂ ಇದ್ದರು.

ನಮ್ಮ ಕಡೆ ಈ ಮಾತು ಎಷ್ಟು ಮುಖ್ಯ ಎಂದು ಕೇಳುವವರಿಗೆ ಮೈಸೂರು, ಬೆಂಗಳೂರಿನಲ್ಲಿ ನಡೆದ ಯುರೋಪ್ರಿವಾಲ್ ಅಧ್ಯಯನವನ್ನು ನೆನಪಿಸುತ್ತೇನೆ. 2016ರಲ್ಲಿ ಪ್ರಕಟವಾದ ಅದರಲ್ಲಿ, ವಯಸ್ಕರ ಪೈಕಿ ಶೇ. 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಐಜಿಇ ಇತ್ತು, ನಿಜವಾದ ಆಹಾರ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ರಕ್ತದಲ್ಲಿ ಐಜಿಇ ಕಂಡ ಮಾತ್ರಕ್ಕೆ ಮಗುವಿನ ತಟ್ಟೆಯಿಂದ ಶೇಂಗಾ ಚಟ್ನಿ ತೆಗೆಯಬೇಕಿಲ್ಲ. ಅದೇ, ಕ್ಯಾಲಿಫೋರ್ನಿಯಾದಲ್ಲೋ ಲಂಡನ್ನಿನಲ್ಲೋ ಇರುವ ನಮ್ಮವರ ಮಗುವಿಗೆ ನಿಜವಾದ ಅಲರ್ಜಿ ಇದ್ದರೆ ಊರಿನಿಂದ ಅಜ್ಜಿ ಕಟ್ಟಿಕೊಟ್ಟ ಚಟ್ನಿ ಪುಡಿಯ ಡಬ್ಬಿಯೇ ಮನೆಯೊಳಗಿನ ಅಪಾಯ. ಅಲ್ಲಿ ಆ ಮಕ್ಕಳ ಚೀಲದಲ್ಲಿ ಆಡ್ರಿನಲಿನ್ ಪೆನ್ ಇರುತ್ತದೆ. ರಜೆಗೆಂದು ಇಲ್ಲಿಗೆ ಬಂದಾಗ ಆ ಪೆನ್ ಸುಲಭಕ್ಕೆ ಸಿಗುವುದಿಲ್ಲ, ಇರುವುದು ಆಂಪ್ಯೂಲ್ ಮತ್ತು ಸಿರಿಂಜು. ಹೊರಡುವಾಗಲೇ ಅವಧಿ ಮುಗಿಯದ ಎರಡು ಪೆನ್ ಇಟ್ಟುಕೊಂಡು ಬನ್ನಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಹಲ್ಲು ಕೀಳುವ ಕೆಲಸ ನಿಂತಿಲ್ಲ. ಈಗಿನ ಒಂದು ಪ್ರಯತ್ನದಲ್ಲಿ ಸೌತೆಕಾಯಿ ಬಳ್ಳಿಗೆ ಮೊಸಾಯಿಕ್ ರೋಗ ತರುವ ವೈರಸ್ಸಿನ ಹೊರಕವಚವನ್ನು ಮಾತ್ರ ತೆಗೆದುಕೊಂಡು ಅದರ ಮೇಲೆ ಅರಾ ಎಚ್ 2 ಕೂರಿಸುತ್ತಾರೆ. ರಾಮೊನ್ ಕಾಲದ ನಂಟು ಬಿಡದ ಹಾಗೆ, ಟಿ ಕೋಶಗಳನ್ನು ಕರೆಯಲೆಂದು ಆ ಕವಚದೊಳಗೆ ಟೆಟನಸ್ ವಿಷದ ಒಂದು ತುಣುಕನ್ನೂ ಸೇರಿಸಿದ್ದಾರೆ. 2022ರಲ್ಲಿ ಅಮೆರಿಕದಲ್ಲಿ ಇದರ ಮೊದಲ ಮಾನವ ಪ್ರಯೋಗ ಶುರುವಾಯಿತು. ಅಲರ್ಜಿ ಇಲ್ಲದವರಿಗೆ ಇಂಜೆಕ್ಷನ್ ಕೊಟ್ಟರು. ಅಲರ್ಜಿ ಇರುವವರಿಗೆ ಮಾತ್ರ ಮೊದಲು ಚರ್ಮದ ಪರೀಕ್ಷೆ: ಮುಂಗೈ ಮೇಲೆ ಒಂದು ಹನಿ ಇಟ್ಟು, ಹನಿಯ ಮೂಲಕ ಚರ್ಮವನ್ನು ಸೂಜಿಮೊನೆಯಿಂದ ಮೆಲ್ಲಗೆ ಚುಚ್ಚಿ, ಹದಿನೈದು ನಿಮಿಷ ಗಡಿಯಾರ ನೋಡುತ್ತಾ ಕೂರುವುದು. ಆಮೇಲೆ ದದ್ದು ಎದ್ದಿದೆಯೇ, ಎದ್ದಿದ್ದರೆ ಎಷ್ಟು ಮಿಲಿಮೀಟರ್ ಎಂದು ಸ್ಕೇಲ್ ಇಟ್ಟು ಅಳೆಯುವುದು.